ಇನ್ವರ್ಡೌರಿ ಕ್ಷೇತ್ರದ ಪ್ರಶ್ನೆಗಾರ

ಇನ್ವರ್ಡೌರಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಂತ ಯಾವನೂ, ಗೆದ್ದವನಿರಲಿ ಸೋತವನಿರಲಿ, ಗಿಲ್ಬರ್ಟ್ ಸ್ಟೋರಿಯರನ ಕೆಮ್ಮನ್ನು ಮರೆತಿರಲಾರ. ಪುರಭವನದಲ್ಲಿ ಭಾಷಣ ಮುಗಿದು, ಅಧ್ಯಕ್ಷರು ಎದ್ದು "ಯಾರಾದರೂ ಏನಾದರೂ ಕೇಳುವುದಿದ್ದರೆ" ಎಂದು ಸಭೆಯ ಮೇಲೆ ಕಣ್ಣಾಡಿಸುವ ಹೊತ್ತಿಗೆ ಸರಿಯಾಗಿ, ಬಾಗಿಲ ಪಕ್ಕದ ಕಂಬದ ಬಳಿಯಿಂದ ಅದು ಹೊರಡುತ್ತಿತ್ತು: ಒಣಗಿದ, ಆಳವಾದ, ಅಗಸೆ ನಾರಿನ ಧೂಳನ್ನು ಬಾಲ್ಯದಿಂದ ಎದೆಗೂಡಿನಲ್ಲಿ ಶೇಖರಿಸಿಕೊಂಡು ಬಂದ ಮನುಷ್ಯನ ಕೆಮ್ಮು. ಅದು ಅಡಗುವವರೆಗೆ ಸಭೆಗೆ ಸಭೆಯೇ ಕಾಯುತ್ತಿತ್ತು. ವೇದಿಕೆಯ ಮೇಲಿದ್ದವರು ನೀರಿನ ಲೋಟಕ್ಕೆ ಕೈ ಚಾಚುತ್ತಿದ್ದರು. ಆಮೇಲೆ, ಆ ಕೆಮ್ಮು ಹೊರಟ ಗಂಟಲಿನದೇ ಇದು ಎಂದು ನಂಬಲಾಗದಷ್ಟು ತಿಳಿಯಾದ, ಹೆಚ್ಚುಕಡಿಮೆ ಮೃದುವಾದ ದನಿಯಲ್ಲಿ, "ಒಂದೇ ಮಾತು, ಸರ್" ಎಂದು ಅವನು ಆರಂಭಿಸುತ್ತಿದ್ದ. ಒಂದೇ ಮಾತಿಗೆ ಅವನು ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ. ನಮ್ಮೂರ ವಾರಪತ್ರಿಕೆಯ ವರದಿಗಾರನಾಗಿ ಅವನು ನಿಲ್ಲುತ್ತಿದ್ದ ಕಂಬದಿಂದ ಕೈಯಳತೆಯ ದೂರದಲ್ಲಿ ನನ್ನ ಯೌವನದ ಬಹುಪಾಲು ಕಳೆದಿದೆ.

ಸಭೆಯಲ್ಲಿ ಅವನು ಕೂತವನಲ್ಲ. ನಡೆಯುವಾಗ ಎಡ ಭುಜವನ್ನು ಕೊಂಚ ಮುಂದುಮಾಡಿ, ಬಂದರಿನ ಗಾಳಿಯನ್ನು ಸೀಳಿಕೊಂಡು ಹೋಗುವವನಂತೆ ಓರೆಯಾಗಿ ನಡೆಯುತ್ತಿದ್ದ. ಗಾಳಿಯಿಲ್ಲದ ದಿನವೂ, ಚರ್ಚಿನ ಒಳಗೂ ಅದೇ ನಡಿಗೆ. ಚುನಾವಣೆಯ ಸಭೆಗಳಿಗೆ ಅವನು ತೊಡುತ್ತಿದ್ದುದು ಶವಸಂಸ್ಕಾರಕ್ಕೆ ಮೀಸಲಾದ ಕಪ್ಪು ಕೋಟು, ಅದೂ ಅವನ ತಂದೆಯದು. "ಯಾರು ಹೋದ್ರು ಗಿಬ್?" ಎಂದು ಬೀದಿಯಲ್ಲಿ ಯಾರಾದರೂ ಕೆಣಕಿದರೆ, "ಇನ್ನೂ ಗೊತ್ತಾಗಿಲ್ಲ ಕಣೋ, ಮತ ಎಣಿಸ್ಲಿ" ಎಂದು ನಗದೆ ಹೇಳಿ ಮುಂದೆ ಸಾಗುತ್ತಿದ್ದ. ಅಭ್ಯರ್ಥಿಗಳು ಎದುರಾದರೆ ಟೋಪಿ ಮುಟ್ಟಿ ವಂದಿಸುತ್ತಿದ್ದನೇ ಹೊರತು ಕೈ ಕುಲುಕುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. "ಕೈ ಕುಲುಕಿದ್ಮೇಲೆ ಪ್ರಶ್ನೆ ಮೆತ್ತಗಾಗುತ್ತೆ" ಎಂದ.

ಅವನ ಕಸುಬಿನ ಹೆಸರೂ ಈ ಹವ್ಯಾಸದ ಹೆಸರೂ ನಮ್ಮಲ್ಲಿ ಒಂದೇ: ಹೆಕ್ಲಿಂಗ್. ಕಬ್ಬಿಣದ ಹಲ್ಲುಗಳ ಹಲಗೆಯ ಮೇಲೆ ಅಗಸೆ ನಾರನ್ನು ಎಳೆದೆಳೆದು, ಸಿಕ್ಕು ಬಿಡಿಸಿ, ಕಸ ಉದುರಿಸುವುದಕ್ಕೆ ಏನು ಹೇಳುತ್ತೇವೋ, ತುಂಬಿದ ಸಭೆಯಲ್ಲಿ ಭಾಷಣಕಾರನನ್ನು ಪ್ರಶ್ನೆಗಳಿಂದ ಬಾಚುವುದಕ್ಕೂ ಅದನ್ನೇ ಹೇಳುತ್ತೇವೆ. ಕೈಯಿಂದ ನಾರು ಬಾಚುವ ಕೆಲಸವನ್ನು ಯಂತ್ರ ನುಂಗಿ ಎಷ್ಟೋ ಕಾಲವಾಗಿತ್ತು; ಗಿಬ್ ಈಗ ಗಿರಣಿಯಲ್ಲಿ ಆ ಯಂತ್ರಕ್ಕೆ ನಾರು ಉಣಿಸುತ್ತಿದ್ದ. ಎರಡನೆಯ ಕೆಲಸಕ್ಕೆ ಮಾತ್ರ ಯಂತ್ರ ಬಂದಿರಲಿಲ್ಲ. ಹಿಂದೊಮ್ಮೆ ಜಮೀನ್ದಾರರ ಮನೆಯ ತರುಣನೊಬ್ಬ ಟೋರಿ ಪಕ್ಷದಿಂದ ನಿಂತು, ಬಂದರಿಗೆ ಅಲೆ ತಡೆಯುವ ಹೊಸ ಗೋಡೆ ಕಟ್ಟಿಸುವುದಾಗಿ ಕೈಯೆತ್ತಿ ಘೋಷಿಸಿದ. ಗಿಬ್ ಕೆಮ್ಮಿದ. "ಒಂದೇ ಮಾತು, ಸರ್. ನಮ್ಮ ಬಂದರಿಗೆ ಅಲೆ ಯಾವ ಕಡೆಯಿಂದ ಬರುತ್ತೆ?" ಆ ಹುಡುಗ ಗಲಿಬಿಲಿಗೊಂಡು, ಪಾಪ, ಗುಡ್ಡದ ಕಡೆ ಕೈ ತೋರಿಸಿದ. ಮೀನುಗಾರರು ನಕ್ಕ ನಗೆಗೆ ಕಿಟಕಿಯ ಗಾಜು ಅದುರಿತು. ಗಿಬ್ ನಗಲಿಲ್ಲ, "ಹಾಗಾದ್ರೆ ಗೋಡೆ ಗಟ್ಟಿಯಾಗೇ ಕಟ್ಟಿಸ್ಬೇಕು" ಎಂದ ಅಷ್ಟೆ.

ಅಂಥ ನಗೆಯಿಂದ ಕ್ಷೇತ್ರದ ಭವಿಷ್ಯವೇನೂ ಬದಲಾಗುತ್ತಿರಲಿಲ್ಲ, ಏಕೆಂದರೆ ಅದು ಆಗಲೇ ನಿರ್ಣಯವಾಗಿರುತ್ತಿತ್ತು. ಇನ್ವರ್ಡೌರಿ, ಪಿಟ್‌ಕ್ಯಾರಿಕ್, ಕಿರ್ಕ್‌ಮಾರ್ನಿ ಎಂಬ ಮೂರು ಸಮುದ್ರತೀರದ ಪಟ್ಟಣಗಳನ್ನು, ನಡುವಿನ ಹಳ್ಳಿಗಾಡನ್ನು ಬಿಟ್ಟು, ಯಾರೋ ಲಂಡನ್ನಿನಲ್ಲಿ ಕೂತು ಒಂದೇ ಕ್ಷೇತ್ರವಾಗಿ ಪೋಣಿಸಿದ್ದರು. ಒಬ್ಬರಿಗೊಬ್ಬರು ಹೆಣ್ಣು ಕೊಡಲೂ ಹಿಂಜರಿಯುತ್ತಿದ್ದ ಈ ಮೂರು ಊರಿನವರಿಗೆ ಸಮಾನವಾಗಿದ್ದುದು ಒಂದೇ: ಅಜ್ಜಂದಿರ ಕಾಲದಿಂದ ಎಲ್ಲರೂ ಲಿಬರಲ್ ಪಕ್ಷಕ್ಕೆ ಮತ ಹಾಕುತ್ತಿದ್ದರು. ಅದು ನಂಬಿಕೆಯಲ್ಲ, ಭಾನುವಾರದ ಪ್ರಾರ್ಥನೆಯ ಹಾಗೆ ಒಂದು ರೂಢಿ. ಸರ್ ಹೆಕ್ಟರ್ ಡಲ್‌ಗಾರ್ನೊ ಅವರು ತಲೆಗೂದಲು ಕಪ್ಪಾಗಿದ್ದಾಗ ಗೆದ್ದು ಹೋದವರು, ಪೂರ್ತಿ ಬೆಳ್ಳಗಾದಾಗಲೂ ನಮ್ಮ ಪ್ರತಿನಿಧಿಯೇ. ಕೆಟ್ಟವರಲ್ಲ. ವಿಧವೆಯರ ಪಿಂಚಣಿಗೆ ಓಡಾಡುತ್ತಿದ್ದರು, ಯಾರ ಮನೆಯಲ್ಲಿ ಸಾವಾದರೂ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು. ಆದರೆ ಬರುತ್ತಿದ್ದುದು ಚುನಾವಣೆಗೊಮ್ಮೆ.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಅಗಸೆ ನಾರಿನ ಲಿನನ್ ಬಟ್ಟೆಗೆ ಕೊಳ್ಳುವವರಿಲ್ಲದೆ ನಮ್ಮ ಗಿರಣಿ ವಾರದಲ್ಲಿ ಅರ್ಧ ದಿನಗಳು ಮಾತ್ರ ನಡೆಯುತ್ತಿತ್ತು. ಊರ ಅರ್ಧದಷ್ಟು ಮನೆಗಳಲ್ಲಿ ಗಂಜಿಯೇ ಊಟ. ಚುನಾವಣೆ ಘೋಷಣೆಯಾದಾಗ ನಮ್ಮೂರಿನಲ್ಲಿ ನಡೆದ ಡಲ್‌ಗಾರ್ನೊ ಅವರ ಮೊದಲ ಸಭೆಯಲ್ಲಿ ಗಿಬ್ ಎಂದಿನಂತೆ ಕೆಮ್ಮಿ ಕೇಳಿದ: "ಇಷ್ಟು ವರ್ಷ ಅಲ್ಲಿ ಕೂತಿದ್ದೀರಲ್ಲ ಸರ್, ನಮ್ಮ ಗಿರಣಿ ಅನ್ನೋ ಮಾತು ಒಂದು ಸಲನಾದ್ರೂ ನಿಮ್ಮ ಬಾಯಲ್ಲಿ ಬಂದಿದೆಯಾ?"

ಡಲ್‌ಗಾರ್ನೊ ದಣಿದಿದ್ದರು. ಆ ದಿನ ಅದು ಅವರ ಮೂರನೆಯ ಊರು. "ಸ್ಟೋರಿಯರ್, ಅಲ್ಲಿ ನಿಂತು ಕೇಳೋದು ಬಹಳ ಸುಲಭ" ಎಂದರು. "ಒಮ್ಮೆ ಇಲ್ಲಿ ಹತ್ತಿ ನಿಂತು ನೋಡಿ."

ಸಭೆ ನಕ್ಕಿತು. ಗಿಬ್‌ನನ್ನು ನೋಡಿ ಸಭೆ ನಕ್ಕಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿ, "ಆಗ್ಲಿ" ಎಂದ.

ಲೇಬರ್ ಪಕ್ಷದವರು ಆ ಸಲ ನಮ್ಮಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ. ಗಿರಣಿಯವರೇ ಸಹಿ ಹಾಕಿ, ಸ್ಟೋರಿಯರನ ಹೆಸರನ್ನು ಸ್ವತಂತ್ರ ಅಭ್ಯರ್ಥಿಯಾಗಿ ಕೊಟ್ಟರು. ಡಲ್‌ಗಾರ್ನೊ, ಟೋರಿ ಪಕ್ಷದ ಕರ್ನಲ್ ಲಿಂಡೋರ್ಸ್, ಮತ್ತು ಅಪ್ಪನ ಕಪ್ಪು ಕೋಟಿನ ಗಿಬ್, ಹೀಗೆ ಮೂವರಾದರು. ಮಾಸಿದ ಗೋಡೆಗಳ ಮೇಲೆ ಅವನ ಹೆಸರಿನ ಕಾಗದಗಳು ಬಂದವು. ಅವುಗಳ ಮುಂದೆ ಹಾದುಹೋಗುವಾಗ ಅವನು ಓರೆನಡಿಗೆಯನ್ನು ಇನ್ನಷ್ಟು ಓರೆಯಾಗಿಸಿ ಮುಖ ಬೇರೆಡೆ ಮಾಡುತ್ತಿದ್ದ.

ಅವನದೇ ಸಭೆಯ ದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಸ್ವಲ್ಪವೇ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಅಧ್ಯಕ್ಷ ಎದ್ದು, ಕೇಳುವುದಿದ್ದರೆ ಕೇಳಿ ಎಂದ. ಯಾರೂ ಕೇಳಲಿಲ್ಲ. ಗಿರಣಿಯವರು ಮೊದಲೇ ಮಾತಾಡಿಕೊಂಡಿದ್ದರೆಂದು ಆಮೇಲೆ ತಿಳಿಯಿತು: ನಮ್ಮ ಗಿಬ್‌ನನ್ನು ನಾವೇ ಸತಾಯಿಸುವುದು ಬೇಡ. ಪ್ರೀತಿಯಿಂದ ಮಾಡಿದ ಕೆಲಸ. ಆದರೆ ವೇದಿಕೆಯ ಮೇಲಿದ್ದವನ ಮುಖ ಬಿಳಿಚಿಕೊಳ್ಳುತ್ತಿತ್ತು. ತಾನು ಒಂದು ಪ್ರಶ್ನೆಗೂ ಲಾಯಕ್ಕಿಲ್ಲವೆಂದು ಇವರು ಬಗೆದರೇ ಎಂಬ ಭಾವ ಅಲ್ಲಿ ಸ್ಪಷ್ಟವಾಗಿತ್ತು. "ಏನೂ ಇಲ್ವೇನ್ರೋ?" ಎಂದ, ಬೇಡುವ ದನಿಯಲ್ಲಿ.

ಆಗ ಹಿಂಬದಿಯ ಹೆಂಗಸರ ಸಾಲಿನಿಂದ ಎಲ್ಸ್‌ಪೆತ್ ಎದ್ದಳು. ಅವನ ಹೆಂಡತಿ, ಗಿರಣಿಯಲ್ಲೇ ನೂಲು ಸುತ್ತುವ ಕೆಲಸದವಳು, ಅಲ್ಲಿಯವರೆಗೆ ಒಂದು ಚುನಾವಣಾ ಸಭೆಗೂ ಬಂದವಳಲ್ಲ.

"ಮಿಸ್ಟರ್ ಸ್ಟೋರಿಯರ್" ಎಂದಳು. ಜನ ತಿರುಗಿ ನೋಡಿದರು. ಯಾರೋ ಮುಸಿಮುಸಿ ನಕ್ಕರು. ಆಕೆ ಶಾಲಿನ ಅಂಚು ಬಿಗಿಹಿಡಿದು ಮುಂದುವರಿಸಿದಳು. "ನಿಮಗೆ ಓಟು ಹಾಕೋರೆಲ್ಲ ನಿನ್ನೆವರೆಗೂ ಡಲ್‌ಗಾರ್ನೊಗೆ ಹಾಕ್ತಿದ್ದೋರು. ಓಟು ಒಡೆದು ಕರ್ನಲ್ ಬಂದ್ರೆ, ಗಿರಣಿ ಗತಿ ಏನು?"

ನಗು ನಿಂತಿತು. ಗಿಬ್ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು; ಹಾಗೆ ಜಾರುವ ಎಲ್ಲ ದಾರಿಗಳನ್ನೂ, ಇತರರು ಜಾರಿದ್ದನ್ನು ಕಂಡೇ, ಅವನು ಬಲ್ಲವನಾಗಿದ್ದ. "ಅದು ನನಗೆ ಗೊತ್ತಿಲ್ಲ" ಎಂದ ಕೊನೆಗೆ.

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಂಥ ಪ್ರಾಮಾಣಿಕ ಮನುಷ್ಯ ಎಂಬಂತೆ ಅದು ಸಭೆಯಿಡೀ ಹಬ್ಬಿತು. "ತಟ್ಟಬೇಡಿ!" ಎಂದು ಅವನು ಕೂಗಿದ. "ಅದು ಉತ್ತರ ಅಲ್ಲ. ಬೇರೆಯವರು ಹೇಳಿದ್ರೆ ನಾನು ಬಿಡ್ತಿದ್ನಾ?"

ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದುಹೋಗಿತ್ತು. ಮತಪತ್ರದಲ್ಲಿ ಹೆಸರು ಇದ್ದೇ ಇರುತ್ತಿತ್ತು. ತನಗೆ ಹಾಕಬೇಡಿ ಎಂದು ಹೇಳಿಬಿಡುವುದು ಒಂದು ದಾರಿ. ಗಿರಣಿಯವರು ಅದನ್ನು ಕೇಳಲೂ ತಯಾರಿರಲಿಲ್ಲ. ಆ ರಾತ್ರಿ ಮನೆಗೆ ಹೋಗುವಾಗ ಗಂಡಹೆಂಡಿರು ಒಟ್ಟಿಗೇ ಹೋದರಂತೆ. ಉಳಿದ ದಿನಗಳಲ್ಲಿ ಹೋದಲ್ಲೆಲ್ಲ ಅವನು ಎಲ್ಸ್‌ಪೆತ್‌ಳ ಪ್ರಶ್ನೆಯನ್ನು ತಾನೇ ಮೊದಲು ಹೇಳಿ, "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ತಿಳ್ಕೊಂಡು ಹಾಕಿ" ಎನ್ನುತ್ತಿದ್ದ. ಇದರಿಂದ ಅವನ ಮತ ಹೆಚ್ಚಿತೆಂದೇ ನನ್ನ ಎಣಿಕೆ. ಜನಕ್ಕೆ ಅಂಥದ್ದು ಹಿಡಿಸುತ್ತದೆ.

ಕರ್ನಲ್ ಲಿಂಡೋರ್ಸ್ ಗೆದ್ದರು. ಅವರಿಗೂ ಡಲ್‌ಗಾರ್ನೊಗೂ ಇದ್ದ ಅಂತರ ಒಂದು ಚಿಕ್ಕ ಬೀದಿಯ ಜನದಷ್ಟು. ಗಿಬ್‌ಗೆ ಬಿದ್ದ ಮತಗಳು ಅದರ ಹಲವು ಪಟ್ಟು. ಪುರಭವನದ ಮೆಟ್ಟಿಲ ಮೇಲೆ ಚುನಾವಣಾಧಿಕಾರಿಯಾದ ಶೆರೀಫರು ಫಲಿತಾಂಶ ಓದಿದಾಗ ಜನ ಏನೋ ಮುರಿದ ಸದ್ದು ಕೇಳಿದವರಂತೆ ನಿಂತಿದ್ದರು. ಡಲ್‌ಗಾರ್ನೊ ಕೈ ಚಾಚಿದರು. ಗಿಬ್ ಆ ಕೈಯನ್ನು ನೋಡಿ, ಹಿಡಿದು, "ಈಗ ಅಡ್ಡಿಯಿಲ್ಲ ಸರ್" ಎಂದ. ಮುದುಕರ ಕಣ್ಣು ಒದ್ದೆಯಾಗಿತ್ತು. "ನಾನು ಹಾಗೆ ಹೇಳಬಾರದಿತ್ತು ಸ್ಟೋರಿಯರ್" ಎಂದರು. "ಹೇಳಿದ್ದು ಸರೀನೇ ಇತ್ತು" ಎಂದ ಇವನು.

ಊರು ಅಷ್ಟು ಉದಾರವಾಗಿರಲಿಲ್ಲ. ದಿನಸಿ ಅಂಗಡಿಯಲ್ಲಿ ಅವನು ಒಳಬಂದರೆ ಮಾತು ನಿಲ್ಲುತ್ತಿತ್ತು. ಮೀನು ಮಾರುವ ಹೆಂಗಸರು, "ಬಂದ ನೋಡ್ರೇ, ಕರ್ನಲ್‌ನ ಹೆತ್ತ ತಾಯಿ!" ಎನ್ನುತ್ತಿದ್ದರು. ಮತ ಹಾಕಿದವರೇ ಹಾಕಿಲ್ಲವೆಂದು ಆಣೆಯಿಡತೊಡಗಿದರು. ಅವನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಹೊಸ ಪ್ರತಿನಿಧಿಯ ಮೊದಲ ಸಭೆಗೆ ಮಾತ್ರ ಬಂದು ಕಂಬದ ಬಳಿ ನಿಂತ. ಕೆಮ್ಮು ಶುರುವಾದದ್ದೇ ತಡ, "ಕೂತ್ಕೊಳೋ ಸಾಕು! ನೀನು ಕೇಳಿ ಉದ್ಧಾರ ಮಾಡಿದ್ದು ಸಾಕು!" ಎಂಬ ಕೂಗೆದ್ದಿತು; ಕಾಲಿನಿಂದ ನೆಲ ಕುಟ್ಟಿದರು. ಅವನು ಕಾದ. ಗದ್ದಲ ದಣಿದು ಇಳಿಯುವ ತನಕ, ಮುಖ ಕೆಂಪಾಗಿ, ಅಲ್ಲೇ ನಿಂತ. ಆಮೇಲೆ ಡಲ್‌ಗಾರ್ನೊಗೆ ಕೇಳಿದ್ದ ಗಿರಣಿಯ ಪ್ರಶ್ನೆಯನ್ನೇ ಕರ್ನಲ್‌ಗೂ ಕೇಳಿದ, ಒಂದಕ್ಷರ ಮೆತ್ತಗಾಗದಂತೆ. ಕರ್ನಲ್ ಗಾಬರಿಯಾಗಿ ಪಾರ್ಲಿಮೆಂಟಿನಲ್ಲಿ ಗಿರಣಿಯ ಬಗ್ಗೆ ಮಾತಾಡುತ್ತೇನೆಂದು ಮಾತು ಕೊಟ್ಟರು. ಆಶ್ಚರ್ಯವೆಂದರೆ, ಮಾತಾಡಿದರು ಕೂಡ.

ಎರಡು ಚಳಿಗಾಲ ಕಳೆಯುವುದರೊಳಗೆ ಗಿರಣಿ ಮುಚ್ಚಿತು. ಡಲ್‌ಗಾರ್ನೊ ಇದ್ದಿದ್ದರೆ ಉಳಿಯುತ್ತಿತ್ತೇ ಎಂಬುದನ್ನು ಬಲ್ಲವರಿಲ್ಲ. ಗಿಬ್ ಮತ್ತು ಎಲ್ಸ್‌ಪೆತ್ ಇಬ್ಬರೂ ಕೆಲಸ ಕಳಕೊಂಡರು. ಆಕೆ ಬಂದರಿನಲ್ಲಿ ಮೀನು ಸೀಳಲು ಹೋದಳು, ಹಿಂದೆ ಅವನನ್ನು ಹಂಗಿಸುತ್ತಿದ್ದ ಹೆಂಗಸರ ಪಕ್ಕದಲ್ಲೇ ನಿಂತು. ಇತ್ತ ಕ್ಷೇತ್ರವೋ ಮತ್ತೆ ಹಳೆಯ ರೂಢಿಗೆ ಮರಳಲೇ ಇಲ್ಲ. ಒಮ್ಮೆ ಲೇಬರ್, ಒಮ್ಮೆ ಟೋರಿ, ಮತ್ತೊಮ್ಮೆ ಲಿಬರಲ್. ಗೆದ್ದವರೆಲ್ಲ ಕೂದಲೆಳೆಯ ಅಂತರದಲ್ಲಿ ಗೆದ್ದು, ಆ ಭಯಕ್ಕೇ ತಿಂಗಳಿಗೊಮ್ಮೆ ಬಂದು ಮುಖ ತೋರಿಸತೊಡಗಿದರು. ಅಲೆ ತಡೆಯುವ ಗೋಡೆಯೂ ಎದ್ದಿತು, ಸರಿಯಾದ ಕಡೆಯಲ್ಲೇ. ಇದನ್ನೆಲ್ಲ ಬರೆದು, ಸ್ಟೋರಿಯರನಿಂದ ಒಳಿತೇ ಆಯಿತೆಂದು ಪತ್ರಿಕೆಯಲ್ಲಿ ಒಂದು ಲೇಖನ ಮಾಡಿದೆ. ಎಲ್ಸ್‌ಪೆತ್ ಓದಿದಳಂತೆ, ಬಂದರಿನಲ್ಲಿ ಕಂಡಾಗ ಕೈಯ ಚೂರಿ ನಿಲ್ಲಿಸದೆಯೇ ಹೇಳಿದಳು: "ಕ್ಷೇತ್ರಕ್ಕೇನೋ ಒಳ್ಳೇದಾಯ್ತು ಬಿಡಿ. ನಮ್ಮ ಬೀದಿಗೆ ಆಗ್ಲಿಲ್ಲ."

ಎರಡನೆಯ ಮಹಾಯುದ್ಧ ಮುಗಿಯುವ ಮುನ್ನವೇ ಗಿಬ್ ತೀರಿಕೊಂಡ, ಕಡೆಯವರೆಗೂ ಸಭೆಗಳನ್ನು ತಪ್ಪಿಸದೆ. ಆಮೇಲೆ ಹೊಸ ಗಡಿಗಳನ್ನು ಎಳೆದರು. ಮೂರು ಪಟ್ಟಣಗಳು ಎರಡು ದೊಡ್ಡ ಕ್ಷೇತ್ರಗಳಲ್ಲಿ ಹಂಚಿಹೋದವು, ಇನ್ವರ್ಡೌರಿಯ ಹೆಸರು ಪಾರ್ಲಿಮೆಂಟಿನಿಂದ ಅಳಿಯಿತು. ಯಾರೂ ಅಳಲಿಲ್ಲ.

ಆಳುವವರನ್ನು ಪ್ರಶ್ನಿಸುವವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಉತ್ತರಿಸುವ ಹೊಣೆ ತಮ್ಮ ತಲೆಗೆ ಬರುವವರೆಗೆ ಮಾತ್ರ ಧೀರರು. ಒಮ್ಮೆ ಅದರ ಭಾರ ತಿಳಿದ ಮೇಲೆ ಕೆಲವರು ಮೌನಿಗಳಾಗುತ್ತಾರೆ, ಕೆಲವರು ಆಳುವವರ ಕಷ್ಟವನ್ನು ಬಲ್ಲ ವಿವೇಕಿಗಳಾಗಿ ಮೆತ್ತಗಾಗುತ್ತಾರೆ, ಲೋಕ ಅವರನ್ನು ಪ್ರಬುದ್ಧರೆಂದು ಗೌರವಿಸುತ್ತದೆ. ಸೋಲಿನ ಪಾಲನ್ನು ಹೊತ್ತು, ತನ್ನ ಬಳಿಯೂ ಉತ್ತರವಿಲ್ಲವೆಂಬ ಅರಿವಿನೊಂದಿಗೇ ಎದ್ದು ನಿಂತು, ಉತ್ತರ ಕೊಡಬೇಕಾದವರನ್ನು ಮೊದಲಿನಷ್ಟೇ ನಿಷ್ಠುರವಾಗಿ ಕೇಳುವವರು ಮಾತ್ರ ವಿರಳ. ಅವರು ಪಕ್ಕದ ಮನೆಯಲ್ಲಿದ್ದರೆ ನೆಮ್ಮದಿಯಿರುವುದಿಲ್ಲ. ಅವರಿಲ್ಲದ ಊರಿನಲ್ಲಿ ನೆಮ್ಮದಿಯ ಹೊರತು ಬೇರೇನೂ ಇರುವುದಿಲ್ಲ.