ಇಬ್ಬನಿಗೆ ಬಿಟ್ಟ ಬಟ್ಟೆ

ಒಮಾನಿನ ಸೆಖೆಯಲ್ಲಿ ಉಣ್ಣೆಯ ಟೋಪಿ ಮಾರುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದಾಗ ಊರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಗಲಿ, ಸಂಬಳ ಸರಿಯಾಗಿ ಬರುತ್ತದೆ. ಅಲ್ ಮಬೇಲಾದಲ್ಲಿ ಟಯರ್ ಅಂಗಡಿಗೂ ಲಾಂಡ್ರಿಗೂ ನಡುವೆ ಇರುವ ಈ ಅಂಗಡಿ ಓರ್ಲಾ ಮೇಡಂ ಎಂಬ ಐರಿಷ್ ಹೆಂಗಸಿನದು. ಒಳಗೆ ಇರುವುದೆಲ್ಲ ಅವರ ನಾಡಿನ ಸಾಮಾನು. ಐರ್ಲೆಂಡಿನ ಹಳೆಯ ಕಥೆಗಳ ಪುಸ್ತಕಗಳು, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದ ಹಾಗೆ ಹೆಣೆದ ಕೆಲ್ಟಿಕ್ ಗಂಟಿನ ಪದಕಗಳು, ಮೂರೆಲೆಯ ಚಿತ್ರದ ಚಹಾ ಕಪ್ಪುಗಳು, ಮತ್ತೆ ಆ ಟೋಪಿಗಳು. ಊರಿನ ನೆನಪಾದ ಐರಿಷ್ ಟೀಚರುಗಳು ಬರುತ್ತಾರೆ, ಡಬ್ಲಿನ್ನಿನಲ್ಲಿ ಡಾಕ್ಟರಿಕೆ ಓದಿ ಬಂದ ಒಮಾನಿ ಹುಡುಗರೂ ಬರುತ್ತಾರೆ. ಅವರಲ್ಲೊಬ್ಬ ಟೋಪಿ ಕೊಂಡು, ಕಾರಿನ ಎಸಿ ಜೋರು ಮಾಡಿ, ಅದನ್ನು ತಲೆಗೇರಿಸಿಕೊಂಡೇ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ತಮಾಷೆ ಮಾಡುವ ನಾನು ಆಗ ಒಳಗೊಳಗೇ ನಡುಗುತ್ತಿದ್ದೆ. ಮೂರನೆಯ ಸಲ ಬಸುರಿಯಾಗಿದ್ದೆ. ಮೊದಲಿನ ಎರಡೂ ನಿಲ್ಲಲಿಲ್ಲ. ಈ ಸಲ ಐದು ತಿಂಗಳು ಕಳೆದಿತ್ತು, ಆದರೂ ಮನೆಯಲ್ಲಿ ಯಾರೊಬ್ಬರ ಬಾಯಿಂದಲೂ ‘ಮಗು’ ಎಂಬ ಮಾತು ಬಂದಿರಲಿಲ್ಲ. ದೂರದ ಖಸಬ್ ಬಂದರಿನಲ್ಲಿ ಕೆಲಸ ಮಾಡುವ ನನ್ನ ಗಂಡ ಕ್ಲೇಟನ್ ಫೋನಿನಲ್ಲಿ ಆರೋಗ್ಯ ಹೇಗುಂಟು ಎಂದು ಮಾತ್ರ ಕೇಳುತ್ತಿದ್ದ. ನನ್ನನ್ನು ನೋಡಿಕೊಳ್ಳಲು ನಮ್ಮೂರು ಶಿರ್ವದಿಂದ ಬಂದಿದ್ದ ಅತ್ತೆ ಕ್ಲೆಮೆಂಟಿನಾ ಹೆರಿಗೆಯನ್ನು ‘ಆ ಸಮಯ’ ಎನ್ನುತ್ತಿದ್ದರು. ನಾನಾದರೂ ಏನು ಕಡಿಮೆ? ಒಂದು ಪುಟ್ಟ ಕಾಲುಚೀಲ ಕೂಡ ಕೊಂಡಿರಲಿಲ್ಲ. ಆಸೆಪಟ್ಟರೆ ಇದೂ ಕೈತಪ್ಪಿ ಹೋದೀತು ಎಂಬ ಹೆದರಿಕೆ.

ಮಗುವಿನ ಮಾತಿಲ್ಲದ ಆ ಮನೆಯಲ್ಲಿ ಅತ್ತೆಯ ಕಟ್ಟಳೆಗಳಿಗೆ ಮಾತ್ರ ಬರವಿರಲಿಲ್ಲ. ಪಪ್ಪಾಯಿ ಮುಟ್ಟಬಾರದು, ಹೊಸ್ತಿಲ ಮೇಲೆ ಕೂರಬಾರದು. ಎಲ್ಲಕ್ಕಿಂತ ದೊಡ್ಡದು, ಹೊತ್ತು ಮುಳುಗಿದ ಮೇಲೆ ನನ್ನ ಒಂದು ನೂಲೂ ಮನೆಯ ಹೊರಗೆ ಇರಬಾರದು. ಬಸುರಿಯ ಬಟ್ಟೆಗೆ ಕತ್ತಲಲ್ಲಿ ದೃಷ್ಟಿ ತಾಗುತ್ತದೆ, ಗಾಳಿ ಸೋಕುತ್ತದೆ ಎಂದು ಅವರ ನಂಬಿಕೆ. ಒಣಗಿರಲಿ ಬಿಡಲಿ, ಸಂಜೆಯಾಗುತ್ತಲೇ ಬಾಲ್ಕನಿಯ ಹಗ್ಗದಿಂದ ಎಲ್ಲವನ್ನೂ ಎಳೆದು ತಂದು ಊಟದ ಮೇಜಿನ ಕುರ್ಚಿಗಳ ಮೇಲೆ ಹರಡುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಬಾಯಿ ಮುಚ್ಚಿಕೊಂಡು ಒದ್ದೆ ನೈಟಿಯ ಪಕ್ಕ ಕೂತು ಊಟ ಮಾಡುತ್ತಿದ್ದೆ.

ಜನವರಿಯ ಕೊನೆಯ ದಿನ, ಅಂಗಡಿಯಿಂದ ಹೊರಡುವಾಗ ಓರ್ಲಾ ಮೇಡಂ ನನ್ನ ಕೈಯಲ್ಲಿ ಒಂದು ತೆಳು ಪುಸ್ತಕ ಮತ್ತು ಟವೆಲಿನಷ್ಟು ಅಗಲದ ಬಿಳಿ ನಾರುಬಟ್ಟೆ ಇಟ್ಟರು. ಮರುದಿನ ಅವರ ನಾಡಿನ ಸಂತ ಬ್ರಿಜಿತಳ ಹಬ್ಬವಂತೆ. ಹಿಂದಿನ ಸಂಜೆ ಒಂದು ಬಟ್ಟೆಯನ್ನು ಹೊರಗಿಟ್ಟರೆ ರಾತ್ರಿ ಆ ತಾಯಿ ಹಾದು ಹೋಗುವಾಗ ಅದನ್ನು ಹರಸುತ್ತಾಳಂತೆ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಬಟ್ಟೆಯನ್ನು ಒಳಗೆ ತಂದು ಕಾಪಾಡಿಕೊಳ್ಳುತ್ತಾರೆ. ತಲೆನೋವಿಗೆ ಆಗುತ್ತದೆ, ಹೆರಿಗೆಗೂ ಆಗುತ್ತದೆ. ತಾನು ಹುಟ್ಟುವಾಗ ಅಮ್ಮನ ದಿಂಬಿನಡಿ ಅಂಥದೇ ಬಟ್ಟೆ ಇತ್ತು ಎಂದರು ಮೇಡಂ. ಪುಸ್ತಕದಲ್ಲಿ ಎಲ್ಲ ಇದೆ ಓದಿಕೋ, ನಂಬಲೇಬೇಕು ಎಂದೇನಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ, ಆದರೂ ಒಂದು ವರ್ಷವೂ ತಪ್ಪಿಸಿಲ್ಲ ಎಂದು ನಕ್ಕರು. ಆಮೇಲೆ ಎಷ್ಟು ಸಲೀಸಾಗಿ ಕೇಳಿಬಿಟ್ಟರು, ಮಗುವಿಗೆ ಹೆಸರು ಯೋಚಿಸಿದ್ದೀಯಾ ಎಂದು.

ಪುಸ್ತಕ, ಬಟ್ಟೆ ಎರಡನ್ನೂ ಚೀಲಕ್ಕೆ ತುರುಕಿಕೊಂಡು ಹೊರಟೆ. ಮನೆಯ ದಾರಿಯುದ್ದಕ್ಕೂ ಒಂದೊಂದೇ ಹೆಸರು ತಾನಾಗಿ ಮನಸ್ಸಿಗೆ ಬರತೊಡಗಿತು. ನಾನು ತಡೆಯಲಿಲ್ಲ, ಖುಷಿಯಾಯಿತು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಮೀನು ಕಾಯಿಸುತ್ತಿದ್ದರು. ನಾನು ಸದ್ದಿಲ್ಲದೆ ಬಾಲ್ಕನಿಗೆ ಹೋಗಿ ಬಟ್ಟೆಯನ್ನು ಹಗ್ಗದ ಮೇಲೆ ಹರಡಿ ಕ್ಲಿಪ್ ಹಾಕಿದೆ. ಹೇಳಿದರೆ ರಗಳೆ ಎಂದು ಹೇಳಲಿಲ್ಲ. ಸ್ವಲ್ಪ ಬೆನ್ನು ಚಾಚಿ ಎದ್ದು ಬರುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು, ಬಟ್ಟೆ ಅಚ್ಚುಕಟ್ಟಾಗಿ ಮಡಚಿ ಕುರ್ಚಿಯ ಮೇಲಿತ್ತು. ಅತ್ತೆ ಜಪಸರ ಹಿಡಿದು ಪ್ರಾರ್ಥನೆಗೆ ಕೂತಿದ್ದರು.

ಯಾಕೆ ತೆಗೆದಿರಿ ಎಂದು ಕೇಳಿದೆ. ಹೊತ್ತು ಮುಳುಗಿತು, ತೆಗೆದೆ ಎಂದರು. ಪುಸ್ತಕ ತೋರಿಸಿದೆ, ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಆ ಸಂತರು ಅವರ ದೇಶದಲ್ಲಿ ಓಡಾಡಲಿ, ಇಲ್ಲಿ ಕತ್ತಲಲ್ಲಿ ಯಾರು ಓಡಾಡುತ್ತಾರೋ ಯಾರಿಗೆ ಗೊತ್ತು ಎಂದು ಅವರು ಮಣಿಯೊಂದನ್ನು ಮುಂದಕ್ಕೆ ಸರಿಸಿದರು. ಆ ಮಣಿ ಸರಿಸಿದ್ದೇ ನನ್ನ ನೆತ್ತಿಗೇರಿತು.

“ನಿಮ್ಮ ಕಟ್ಟಳೆ ಎಲ್ಲ ಎರಡು ಸಲವೂ ಪಾಲಿಸಿದ್ದೇನೆ ಮಾಂಯ್. ಒಂದು ಕರ್ಚೀಫ್ ಸಹ ಹೊರಗೆ ಬಿಡ್ಲಿಲ್ಲ. ನನಗೆ ಎಂತ ಉಳೀತು?”

ಜಪಸರ ಅವರ ಬೆರಳುಗಳಲ್ಲಿ ನಿಂತುಹೋಯಿತು. ಅವರ ಮುಖ ನೋಡಲಾರದೆ ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಿಟ್ಟೂ ಇತ್ತು, ನಾಚಿಕೆಯೂ ಇತ್ತು, ಯಾವುದು ಹೆಚ್ಚು ಎಂದು ಹೇಳಲಾರೆ. ಎದ್ದು ಹೋಗಿ ಆ ಬಟ್ಟೆಯನ್ನು ಮತ್ತೆ ಹೊರಗೆ ಹಾಕಬಹುದಿತ್ತು. ಆದರೆ ಇಷ್ಟೆಲ್ಲ ಆಡಿದ ಮೇಲೆ ಹಾಕಿ, ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ? ಅವರ ಹೆದರಿಕೆ ನನಗೂ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಬಂದು ಬಾಗಿಲು ತಟ್ಟಿ ಊಟಕ್ಕೆ ಕರೆದರು. ನಿದ್ದೆ ಬಂದವಳ ಹಾಗೆ ಸುಮ್ಮನಿದ್ದೆ. ಅಳುತ್ತಾ ಅಳುತ್ತಾ ನಿಜವಾಗಿಯೂ ನಿದ್ದೆ ಬಂತು.

ಬೆಳಗಿನ ಬಾಂಗು ಕೇಳಿ ಎಚ್ಚರವಾದಾಗ ಹಸಿವಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಹೊರಗೆ ಬಂದೆ. ಕುರ್ಚಿಯ ಮೇಲೆ ಬಟ್ಟೆಯಿಲ್ಲ. ಅತ್ತೆಯ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ನನ್ನ ಮಾತಿಗೆ ನೊಂದು ಎಲ್ಲಿಗಾದರೂ ಹೊರಟುಬಿಟ್ಟರೇ? ಹೋಗುವುದಾದರೂ ಎಲ್ಲಿಗೆ, ಬಸ್ಸು ಹಿಡಿಯಲು ಇದೇನು ಶಿರ್ವವೇ?

ಬಾಲ್ಕನಿಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲಿಟ್ಟು, ತಲೆಗೆ ಟವೆಲು ಸುತ್ತಿಕೊಂಡು ತೂಕಡಿಸುತ್ತಿದ್ದರು. ಬಟ್ಟೆ ಹಗ್ಗದ ಮೇಲಿತ್ತು. ಅದರ ಒಂದು ತುದಿಯನ್ನು ಬಲಗೈಗೆ ಸುತ್ತಿಕೊಂಡಿದ್ದರು, ಅದೇ ಕೈಯಲ್ಲಿ ಜಪಸರ. ಬಟ್ಟೆ ಇಬ್ಬನಿಗೆ ತೊಯ್ದು ಭಾರವಾಗಿ ಜೋತಿತ್ತು. ಅವರ ಟವೆಲೂ ಒದ್ದೆ, ಸೀರೆಯ ಅಂಚೂ ಒದ್ದೆ.

ಮೆಲ್ಲನೆ ಕರೆದೆ. ಕಣ್ಣು ಬಿಟ್ಟವರು ಮೊದಲು ನೋಡಿದ್ದು ನನ್ನನ್ನಲ್ಲ, ಕೈಗೆ ಸುತ್ತಿದ ಬಟ್ಟೆಯನ್ನು. ಅದು ಅಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ನನ್ನತ್ತ ತಿರುಗಿದರು. ರಾತ್ರಿಯಿಡೀ ಇಲ್ಲೇ ಇದ್ದಿರಾ ಎಂದು ಕೇಳಿದೆ.

“ಹೊರಗೆ ಇಡ್ಬೇಕು ಅಂತ ಅವರಲ್ಲಿ. ಕತ್ತಲಲ್ಲಿ ಬಿಟ್ಟು ಬರ್ಬಾರ್ದು ಅಂತ ನಮ್ಮಲ್ಲಿ. ಹಾಗೆ ನಾನು ಒಟ್ಟಿಗೇ ಕೂತೆ,” ಎಂದರು. “ಬಿಟ್ಟು ಬಂದ ಹಾಗೆ ಆಗ್ಲಿಲ್ಲ ಅಲ್ವಾ?”

ರಾತ್ರಿ ಆಡಿದ್ದಕ್ಕೆ ಕ್ಷಮೆ ಕೇಳಿದೆ. ನೀನು ಕೇಳಿದ್ದರಲ್ಲಿ ತಪ್ಪಿಲ್ಲ ಎಂದರು ಅತ್ತೆ. ಅದೇ ಪ್ರಶ್ನೆಯನ್ನು ತಾನೂ ದಿನಾ ಸಂಜೆ ದೇವರ ಮುಂದೆ ಕೇಳುತ್ತಿದ್ದರಂತೆ, ಉತ್ತರ ಮಾತ್ರ ಸಿಕ್ಕಿರಲಿಲ್ಲವಂತೆ. “ಡಾಕ್ಟರ್ ಹೇಳುವ ಸಂಗತಿ ನನಗೆ ತಲೆಗೆ ಹೋಗುದಿಲ್ಲ ಶೆರ್ಲಿ. ಬಟ್ಟೆ ಒಳಗೆ ತರ್ಲಿಕ್ಕೆ ಮಾತ್ರ ನನಗೆ ಗೊತ್ತು.”

ಅವರ ಕೈಯಿಂದ ಬಟ್ಟೆಯ ಸುತ್ತು ಬಿಡಿಸಿದೆ. ಬೆರಳುಗಳು ತಣ್ಣಗಾಗಿದ್ದವು, ಉಜ್ಜಿ ಬೆಚ್ಚಗೆ ಮಾಡಿದೆ. ಕೆಳಗೆ ಬೀದಿಯಲ್ಲಿ ಚಹಾದಂಗಡಿಯವರು ಶಟರ್ ಎತ್ತುತ್ತಿದ್ದರು. ಈ ಪ್ರಾಯದಲ್ಲಿ ಒಬ್ಬರೇ ಹೀಗೆ ನಿದ್ದೆಗೆಟ್ಟು ಕೂರುವುದು ಬೇಡ, ಬರುವ ವರ್ಷ ಇಬ್ಬರೂ ಒಟ್ಟಿಗೆ ಕೂರೋಣ ಎಂದು ಹೇಳಿದೆ.

ಅತ್ತೆ ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವ ಹಾಗೆ ನೋಡಿದರು.

“ಇಬ್ಬರೂ ಇಲ್ಲಿ ಬಂದು ಕೂತ್ರೆ ಒಳಗೆ ಮಗುವನ್ನು ನೋಡುದು ಯಾರು?”