ಉಮ್ಮ್ ಶಾಕಿರ್ ಎತ್ತಿದ ಸ್ವಿಚ್ಚು

ಮುನೀಫನ ಮನೆಗೆ ಬೀದಿಯ ಜನರೇಟರಿನಿಂದ ಸಿಗುತ್ತಿದ್ದುದು ಎರಡೂವರೆ ಆಂಪಿಯರ್ ಕರೆಂಟು. ಅಷ್ಟರಲ್ಲಿ ಫ್ರಿಜ್ಜು, ಮೂರು ದೀಪ, ಟಿವಿ ನಡೆಯಬೇಕು. ಅವನ ಮೂವತ್ತು ವರ್ಷದ ದುಡಿಮೆಯೂ ಉಳಿಯಬೇಕು. ಮೀನಾ ಬಂದರಿನ ಸುತ್ತಲ ಬೀದಿಗಳಲ್ಲಿ ಮದುವೆಯಾದವರ ವಿಡಿಯೊ ತೆಗೆದವನು ಅವನೇ. ಸಮುದ್ರದ ಗಾಳಿಗೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿದಾಗ ಎರಡು ವರ್ಷ ಕೂತು ಎಲ್ಲವನ್ನೂ ಕಂಪ್ಯೂಟರಿನ ನಾಲ್ಕು ಹಾರ್ಡ್‌ಡಿಸ್ಕುಗಳಿಗೆ ಇಳಿಸಿದ್ದ. ಕೆಮ್ಮು ತಡೆಯದ ಮಗಳು ರನೀಮಳ ಮಾತು ಕೇಳಿ ಕ್ಯಾಸೆಟ್ಟುಗಳನ್ನು ಎಸೆದಿದ್ದ.

ಆ ಡಿಸ್ಕುಗಳಿದ್ದ ಹಳೇ ಕಂಪ್ಯೂಟರು ಕರೆಂಟನ್ನು ಎಮ್ಮೆ ಕಲಗಚ್ಚು ಕುಡಿದ ಹಾಗೆ ಕುಡಿಯುತ್ತಿತ್ತು. ಅದನ್ನು ಹಾಕಿದರೆ ಫ್ರಿಜ್ಜು ಆರಿಸಬೇಕು. ಗುರುವಾರ ಮಾತ್ರ ಯಾರೂ ಗೊಣಗುತ್ತಿರಲಿಲ್ಲ. ಅಂದು ಕೆಳಮನೆಯ ಉಮ್ಮ್ ಶಾಕಿರ್ ಬರುತ್ತಿದ್ದಳು. ಅವಳ ಮಗ ಶಾಕಿರ್ ನಾಲ್ಕು ವರ್ಷದ ಹಿಂದೆ ಕಡಲು ದಾಟಲೆಂದು ದೋಣಿ ಹತ್ತಿ ಹೋದವನು, ದೋಣಿಯೂ ಸಿಗಲಿಲ್ಲ. ಗೆಳೆಯನ ಮದುವೆಯಲ್ಲಿ ಅವನು ಕೈಕೈ ಹಿಡಿದು ಕುಣಿಯುವ ದಬ್ಕೆ ಸಾಲಿನ ಮುಂದೆ ನಿಂತು ಕುಣಿದದ್ದು ನಲವತ್ತು ಸೆಕೆಂಡು. ಅವಳು ಅಷ್ಟನ್ನು ನಾಲ್ಕೈದು ಸಲ ನೋಡಿ, ಸೆರಗಿನಷ್ಟುದ್ದದ ತಲೆವಸ್ತ್ರ ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು.

"ನಿಮ್ಮ ಫೋನಿಗೆ ಹಾಕ್ಕೊಡ್ತೀನಿ, ದಿನಾ ನೋಡ್ಬೋದು," ಎಂದಿದ್ದ ಮುನೀಫ್.

"ಬೇಡ ಕಣಪ್ಪಾ. ಫೋನಲ್ಲಿ ಇರುವೆ ಥರ ಕಾಣ್ತಾನೆ. ಇಲ್ಲಿ ಮನುಷ್ಯನ ಹಾಗಿದಾನೆ."

ಕಡಿಮೆ ಕರೆಂಟಿನ ಕಂಪ್ಯೂಟರು ಬೇಕೆಂದು ಮುನೀಫ್ ಟ್ರಿಪೋಲಿ ಪೇಟೆಯ ರಿಪೇರಿಯವ ಹಾಗೋಪನ ಅಂಗಡಿಗೆ ಮೂರು ಸಲ ಹೋದ. ಅಂಗೈಯಗಲದ ಬೋರ್ಡು ಅಗ್ಗ, ಆದರೆ ನಾಲ್ಕು ಡಿಸ್ಕು ಎಳೆಯುವ ತಾಕತ್ತಿಲ್ಲ. ಲ್ಯಾಪ್‌ಟಾಪಿನ ಒಡಲು ಬೇಗ ಕಾಯುತ್ತದೆ. ಕೊನೆಗೆ ಹಾಗೋಪ್ ಫ್ಯಾನೇ ಇಲ್ಲದ, ಬ್ರೆಡ್ಡಿನಷ್ಟು ದಪ್ಪದ ಡಬ್ಬಿ ತೋರಿಸಿದ. ಬೆಳಗಿನಿಂದ ಓಡುತ್ತಲೇ ಇತ್ತು. ಡಿಸ್ಕು ಸೇರಿ ಮೀಟರಿನಲ್ಲಿ ಮೂವತ್ತಾರು ವ್ಯಾಟು.

"ಇದಕ್ಕಿಂತ ನಿನ್ನ ಮೀಸೆ ಜಾಸ್ತಿ ಕರೆಂಟು ತಿನ್ನುತ್ತೆ," ಎಂದ ಹಾಗೋಪ್. "ನಾಲ್ಕರಲ್ಲಿ ಒಂದು ಡಿಸ್ಕು ಸತ್ತರೂ ಮಿಕ್ಕ ಮೂರು ಎಲ್ಲಾನೂ ಉಳಿಸ್ಕೊಳ್ತವೆ. ಕರೆಂಟು ಹೋದಾಗ ಆರದ ಹಾಗೆ ಒಂದು ಬ್ಯಾಟರಿನೂ ಒಯ್ಯಿ."

"ಬ್ಯಾಟರಿ ಮುಂದಿನ ತಿಂಗಳು ನೋಡೋಣ," ಎಂದು ಮುನೀಫ್ ಡಬ್ಬಿಯನ್ನಷ್ಟೇ ಕೊಂಡು ತನ್ನ ನಾಲ್ಕು ಡಿಸ್ಕನ್ನೂ ಅದಕ್ಕೆ ಹಾಕಿಸಿಕೊಂಡ.

ಓಡುವಾಗಿನ ಲೆಕ್ಕವನ್ನು ಮುನೀಫ್ ಚೀಟಿಯಲ್ಲಿ ಬರೆದುಕೊಂಡ. ಆರಿದ್ದ ಡಬ್ಬಿ ಶುರುವಾಗುವಾಗ ನಾಲ್ಕು ಡಿಸ್ಕೂ ಒಟ್ಟಿಗೆ ಎದ್ದು ತಿರುಗಲು ಎಷ್ಟು ಕರೆಂಟು ಕೇಳುತ್ತವೆಂದು ಅವನೂ ಕೇಳಲಿಲ್ಲ, ಹಾಗೋಪನೂ ಹೇಳಲಿಲ್ಲ.

ಮನೆಯಲ್ಲಿದ್ದಷ್ಟು ದಿನ ಅದು ಗೊತ್ತಾಗಲೂ ಇಲ್ಲ. ಕರೆಂಟು ಹೋದ ಕೂಡಲೇ ಫ್ರಿಜ್ಜಿನ ಪ್ಲಗ್ಗು ಕೀಳುವುದು, ಬಂದು ಸ್ವಲ್ಪ ಹೊತ್ತಾದ ಮೇಲೆ ಸಿಕ್ಕಿಸುವುದು ಆ ಕಟ್ಟಡದವರಿಗೆಲ್ಲ ಕೈಗೆ ಬಂದ ಅಭ್ಯಾಸ. ಒಮ್ಮೆಗೇ ಜಾಸ್ತಿ ಎಳೆದರೆ ಮೆಟ್ಟಿಲ ಕೆಳಗಿನ ಹಲಗೆಯಲ್ಲಿ ಆ ಮನೆಯ ಸ್ವಿಚ್ಚು ಬೀಳುತ್ತದೆ. ಹಾದುಹೋಗುವವರು ಯಾರದೇ ಸ್ವಿಚ್ಚು ಬಿದ್ದಿದ್ದರೂ ಎತ್ತಿ ಹೋಗುತ್ತಾರೆ. ನೋಡಿಯೂ ಎತ್ತದೆ ಹೋದವನನ್ನು ಜನ ಆರು ತಿಂಗಳು ಆಡಿಕೊಳ್ಳುತ್ತಾರೆ.

ಅಕ್ಕಾರಿನ ಬೆಟ್ಟದ ಊರಿನಲ್ಲೊಂದು ಮದುವೆ ಸಿಕ್ಕಿತು. ರನೀಮಳನ್ನೂ ಕರೆದುಕೊಂಡು ಹೊರಟ ಮುನೀಫ್, ಮೂವತ್ತಾರು ವ್ಯಾಟೇನು ಮಹಾ ಎಂದು ಡಬ್ಬಿಯನ್ನೂ ಫ್ರಿಜ್ಜನ್ನೂ ಪ್ಲಗ್ಗು ಕೀಳದೆ ಹಾಗೇ ಬಿಟ್ಟ.

ಮೂರನೆಯ ದಿನ, ಗುರುವಾರ, ಅವರು ಬಂದಾಗ ಉಮ್ಮ್ ಶಾಕಿರ್ ಕಟ್ಟಡದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದಳು.

"ಅಬೂ ರನೀಮ್," ಮಗಳ ಹೆಸರು ಹಿಡಿದು ಮುನೀಫನನ್ನು ಕರೆದಳು. "ನಿನ್ನ ಸ್ವಿಚ್ಚಿಗೆ ದೆವ್ವ ಹಿಡಿದಿದೆ. ಎತ್ತಿದ ಕೂಡಲೇ ಬೀಳೋದು. ನಾನೇನು ಬಿಟ್ಟೆನೇ? ಕುರ್ಚಿ ಹಾಕ್ಕೊಂಡು ಕೂತೆ. ಹತ್ತೊಂಬತ್ತು ಸಲ ಎತ್ತಿದೀನಿ."

"ಹತ್ತೊಂಬತ್ತು ಸಲವಾ?"

"ನಿನ್ನೆ ಸಂಜೆ ಕೊನೆಗೂ ನಿಂತ್ಕೊಳ್ತು. ನನ್ನ ಮೊಂಡುತನಕ್ಕೆ ಹೆದರಿರ್ಬೇಕು."

ಪ್ರತಿ ಸಲ ಎತ್ತಿದಾಗಲೂ ಫ್ರಿಜ್ಜೂ ನಾಲ್ಕು ಡಿಸ್ಕೂ ಒಟ್ಟಿಗೆ ಎದ್ದು ಸ್ವಿಚ್ಚು ಬೀಳಿಸಿ, ಕೊನೆಗೆ ಎರಡು ಡಿಸ್ಕು ಏಳುವುದನ್ನೇ ಬಿಟ್ಟಿದ್ದವು. ಅದಕ್ಕೇ ಸ್ವಿಚ್ಚು ನಿಂತಿತ್ತು. ಮುನೀಫ್ ಮೇಲೆ ಹೋಗಿ ಡಬ್ಬಿಗೆ ಕಿವಿಯಿಟ್ಟ. ಎರಡು ತಿರುಗುತ್ತಿದ್ದವು. ಇನ್ನೆರಡು ಉಗುರು ಕಡಿದ ಹಾಗೆ ಟಿಕ್ ಟಿಕ್ ಎಂದು ಸುಮ್ಮನಾಗುತ್ತಿದ್ದವು. ಒಂದೇ ಸತ್ತಿದ್ದರೆ ಎಲ್ಲ ಉಳಿಯುತ್ತಿತ್ತು, ಎರಡು ಸತ್ತ ಮೇಲೆ ಏನೂ ಉಳಿಯದು. ಹಾಗೋಪನಿಗೆ ಫೋನು ಮಾಡಿದ. "ಡಿಸ್ಕು ಬಿಚ್ಚಿ ಒಳಗಿರೋದನ್ನ ತೆಗೆಯೋ ಕೆಲಸ ನನ್ನ ಕೈಲಾಗಲ್ಲ ಮುನೀಫ್. ಮಾಡೋರನ್ನ ನಾನು ನೋಡಿಲ್ಲ," ಎಂದ.

"ಬಾಬಾ, ಉಮ್ಮ್ ಶಾಕಿರ್‌ಗೆ ಏನಂತೀಯ?" ರನೀಮ್ ಕೇಳಿದಳು. "ಅವರೇ ಎತ್ತಿದ್ದರಿಂದ ಹಾಳಾಯ್ತು ಅಂತ ಮಾತ್ರ ಹೇಳ್ಬೇಡ."

"ಹೇಳಲ್ಲ."

"ಮತ್ತೆ?"

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಉಮ್ಮ್ ಶಾಕಿರ್ ತಟ್ಟೆಯಲ್ಲಿ ಅಕ್ಕಿ ತುಂಬಿದ ದ್ರಾಕ್ಷಿಯ ಎಲೆಸುರುಳಿ ತಂದಿದ್ದಳು. ಎಂದಿನ ಜಾಗದಲ್ಲಿ ಕೂತು ಟಿವಿಯ ಕಪ್ಪು ಗಾಜು ನೋಡಿದಳು.

"ಹಾಕಪ್ಪಾ."

"ಇವತ್ತು ಬರ್ತಿಲ್ಲ ಉಮ್ಮ್ ಶಾಕಿರ್."

"ಕರೆಂಟಿಲ್ವಾ? ಫ್ರಿಜ್ಜು ಗುಂಯ್ ಅಂತಿದೆಯಲ್ಲಾ."

ಫ್ರಿಜ್ಜು ಗುಂಯ್ಗುಡುತ್ತಲೇ ಇತ್ತು. "ಕರೆಂಟು ಸಾಲ್ತಿಲ್ಲ," ಎಂದ ಮುನೀಫ್.

"ಅಷ್ಟೇ ತಾನೆ." ಅವಳು ಮಂಡಿಗೆ ಕೈಯೂರಿ ಎದ್ದಳು. "ನೀನು ಕೂತ್ಕೋ, ದಣಿದು ಬಂದಿದೀಯ. ಬಿದ್ದಿದೆಯೇನೋ, ನಾನು ನೋಡ್ಕೊಂಡು ಬರ್ತೀನಿ."

ಅವನು ತಡೆಯಲಿಲ್ಲ. ಮೂರು ಅಂತಸ್ತು ಕೆಳಗೆ ಹಲಗೆಯ ತಗಡಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಬಿದ್ದಿರದ ಸ್ವಿಚ್ಚನ್ನು ಅವಳು ತಾನೇ ಇಳಿಸಿ, ಮತ್ತೆ ಎತ್ತಿದಳು.

ದೀಪ ಆರಿ ಹತ್ತಿತು. ಡಬ್ಬಿಯೊಳಗೆ ಟಿಕ್ ಟಿಕ್ ಶುರುವಾಯಿತು.

"ಬಂತಾ?" ಕೆಳಗಿನಿಂದ ಕೂಗಿದಳು.