ಗಳಿಗೆ ಮುರಿದ ಹಸಿರು ಸೀರೆ

ಇಂಗ್ರೇಜರು ಗಂಟುಮೂಟೆ ಕಟ್ಟಿ ಹೋಗಿ ಮೂರು ವರ್ಷವಾಗಿತ್ತು. ನಿಜಾಮರ ಆಳ್ವಿಕೆ ಮುಗಿದು ಎರಡು ವರ್ಷ. ಆದರೆ ಅವರಿಬ್ಬರೂ ಕೂಡಿ ಕರಾರು ಬರೆದು ಕೂರಿಸಿದ ಸುಂಕದ ನಾಕಾ ಮಾತ್ರ ಕೂತ ಜಾಗ ಬಿಟ್ಟು ಕದಲಿರಲಿಲ್ಲ. ಇಳಕಲ್ಲಿನಿಂದ ಮುದಗಲ್ಲಿಗೆ ಬರುವ ದಾರಿಯಲ್ಲಿ ಆಚೆ ಮುಂಬೈ ಸೀಮೆ, ಈಚೆ ಹೈದರಾಬಾದ್ ಸೀಮೆ, ನಡುವೆ ದಾರಿಗೆ ಅಡ್ಡಲಾಗಿ ಒಂದು ತೊಲೆ. ಆಚೆಯ ಬೆಲ್ಲ, ಬಟ್ಟೆ, ಬೆಂಕಿಪೆಟ್ಟಿಗೆ ಏನೇ ಈಚೆ ಬಂದರೂ ಸುಂಕ ಕಟ್ಟಬೇಕು. ಎಲ್ಲಾ ಒಂದೇ ದೇಶ ಆಯಿತಲ್ಲ, ಇನ್ನೂ ಯಾವ ಸುಂಕ ಎಂದು ಯಾರಾದರೂ ಕೇಳಿದರೆ ನಾಕಾದ ಜವಾನ ಬಂದೇಸಾಬನ ಉತ್ತರ ಒಂದೇ, “ಮ್ಯಾಲಿಂದ ಕಾಗದ ಬಂದಿಲ್ರಿ.”

ಬಂದೇಸಾಬ ಆ ತೊಲೆಯನ್ನು ಎತ್ತಿ ಇಳಿಸಿ ಇಪ್ಪತ್ತಾರು ವರ್ಷ ಕಳೆದಿದ್ದ. ಬಂಡಿ ನಿಲ್ಲಿಸುವುದು, ಗಂಟು ಬಿಚ್ಚಿಸುವುದು, “ಏನೈತಿ, ಖರೇ ಹೇಳ್ರಿ” ಎಂದು ಕೇಳುವುದು ಅವನ ಕೆಲಸ. ಮನುಷ್ಯ ಮೆದು. ಜ್ವರ ಬಂದ ಕೂಸಿಗೆಂದು ಯಾರಾದರೂ ಎರಡು ಹಿಡಿ ಸಕ್ಕರೆ ಒಯ್ಯುತ್ತಿದ್ದರೆ ಬಿಟ್ಟುಬಿಡುತ್ತಿದ್ದ. ಬಿಟ್ಟೆನೆಂದು ತಾನೇ ಹೋಗಿ ನಾಕಾದ ಅಮೀನರಿಗೆ ಹೇಳಿ ಬೈಸಿಕೊಳ್ಳುತ್ತಿದ್ದ. ಆದರೆ ಸುಳ್ಳು ಹೇಳಿದರೋ, ಹುಲ್ಲಿನ ಬಂಡಿಯನ್ನು ಪೂರ್ತಿ ಇಳಿಸಿ ಹುಡುಕುವ ಆಸಾಮಿ. ಗೊತ್ತಿದ್ದೂ ಒಂದು ಸುಳ್ಳನ್ನು ತೊಲೆ ದಾಟಿಸಿದವನಲ್ಲ ಎಂಬುದು ಅವನ ಹೆಮ್ಮೆ. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಜೊತೆಯ ಮೂವರು ಜವಾನರ ನೌಕರಿ ಹೋಯಿತು. ಇವನದು ಉಳಿದದ್ದು ಆ ಒಂದು ಹೆಸರಿನಿಂದ.

ಸುಂಕದ ಪುಸ್ತಕದಲ್ಲಿ ಒಂದು ಮಾತಿತ್ತು. ಮೈಮೇಲೆ ಉಟ್ಟ ಬಟ್ಟೆಗೆ ಸುಂಕವಿಲ್ಲ. ಮುದಗಲ್ಲಿನ ಹೆಂಗಸರು ಓದು ಬಾರದಿದ್ದರೂ ಈ ಮಾತನ್ನು ಎಂದೋ ಬಾಯಿಪಾಠ ಮಾಡಿದ್ದರು. ಹರಕು ಸೀರೆಯುಟ್ಟು ಇಳಕಲ್ಲಿಗೆ ಹೋಗುವುದು, ಹೊಸದನ್ನು ಉಟ್ಟುಕೊಂಡು ಬರುವುದು. ಕೆಲವರಂತೂ ಒಂದರ ಮೇಲೊಂದು ಮೂರು ಸುತ್ತಿಕೊಂಡು ಹೆಜ್ಜೆ ಎತ್ತಿಡಲಾರದೆ ಬರುತ್ತಿದ್ದರು. “ಮುಂಜಾನಿ ಹ್ವಾದಾಗ ಕಡ್ಡಿ ಇದ್ದಂಗ ಇದ್ದಿ, ಇಳಕಲ್ ನೀರು ಭಾಳ ಹಿಡಿಸೈತಿ ನೋಡಬೇ” ಎಂದು ಬಂದೇಸಾಬ ನಗುತ್ತ ತೊಲೆ ಎತ್ತುತ್ತಿದ್ದ. ಕಾಯಿದೆಯಲ್ಲಿ ಇದ್ದದ್ದಕ್ಕೆ ಅವನದೇನು ತಕರಾರು.

ಪುಷ್ಯಮಾಸದ ಒಂದು ಮಂಗಳವಾರ ನಡುಮಧ್ಯಾಹ್ನ ಆಚೆ ಕಡೆಯಿಂದ ಒಬ್ಬಳೇ ನಡೆದು ಬಂದವಳು ಯಮನೂರಮ್ಮ. ಮುದಗಲ್ಲಿನವಳು, ಗಂಡ ಸತ್ತು ಹನ್ನೆರಡು ವರ್ಷ, ಕುರಿ ಕಾಯ್ದು ಮಗಳನ್ನು ಬೆಳೆಸಿದವಳು. ತಲೆಯ ಮೇಲೆ ಬಿಳಿ ಅರಿವೆಯ ಗಂಟು. ಬಂದೇಸಾಬ ಕೇಳುವ ಮೊದಲೇ ಇಳಿಸಿ ಬಿಚ್ಚಿದಳು.

“ಸೀರಿ ಐತೆಣ್ಣ. ಹೊಸಾದು. ನನ್ನ ಮಗಳು ಹುಲಿಗೆಮ್ಮನ ಕುಬಸ ನಾಳೆ ಮುಂಜಾನಿ, ಸಂತೆಕಲ್ಲೂರಾಗ. ಸುಂಕ ಎಷ್ಟಾಕೈತಿ ಹೇಳ್ರಿ, ಕೊಡತೀನಿ.”

ಕೆಂಪು ಸೆರಗಿನ ಹಸಿರು ಸೀರೆ. ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಕುಬಸ, ಬಳೆ ಒಯ್ದು ಉಡಿ ತುಂಬುವ ಶಾಸ್ತ್ರಕ್ಕೆ ತಂದದ್ದು. ಹೀಗೆ ನೇರವಾಗಿ ಹೇಳಿದವಳನ್ನು ಕಂಡು ಬಂದೇಸಾಬನಿಗೆ ಸಂತೋಷವೇ ಆಯಿತು. ಆದರೆ ತೊಡಕು ಬೇರೆ ಕಡೆ ಇತ್ತು. ಅಮೀನರು ಕಚೇರಿ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋಗಿದ್ದರು, ಬರುವುದು ಗುರುವಾರ. ರಸೀದಿ ಪುಸ್ತಕ, ಮೊಹರು ಎರಡೂ ಅವರ ಪೆಟ್ಟಿಗೆಯಲ್ಲಿ ಬೀಗದೊಳಗೆ. ನಾಕಾದಲ್ಲಿದ್ದವನು ಗುಮಾಸ್ತ ಬಸವಂತರಾಯ. ಸಿಂಧನೂರಿನ ಹುಡುಗ, ಹೊಸ ಸರಕಾರ ನೌಕರಿ ಕೊಟ್ಟು ಮೂರು ತಿಂಗಳೂ ಆಗಿರಲಿಲ್ಲ. ಸುಂಕದ ಪುಸ್ತಕವನ್ನು ದಿನಾ ಬೆಳಿಗ್ಗೆ ಪಾರಾಯಣ ಮಾಡುವಂತೆ ಓದುತ್ತಿದ್ದ.

“ರಸೀದಿ ಇಲ್ಲದ ಸುಂಕ ತಗೊಳ್ಳಾಕ ಬರಂಗಿಲ್ಲವ್ವ,” ಅಂದ ಅವನು. “ಸುಂಕ ಇಲ್ಲದ ಮಾಲು ಬಿಡಾಕೂ ಬರಂಗಿಲ್ಲ. ಗುರುವಾರತನಕ ಸೀರಿ ಇಲ್ಲೇ ಇರಲಿ. ಚೀಟಿ ಬರದು ಕೊಡತೀನಿ.”

“ಗುರುವಾರ ತಗೊಂಡು ಏನ್ಮಾಡಲಿ ಸಾಹೇಬ್ರ? ಕುಬಸ ನಾಳೆ ಐತಿ.” ಯಮನೂರಮ್ಮ ಹಾಗೇ ನೆಲಕ್ಕೆ ಕೂತಳು. “ನನ್ನ ಮಗಳದು ಎರಡು ಬಸುರು ಹೋಗ್ಯಾವ. ಒಂದು ಮೂರರಾಗ, ಒಂದು ಆರರಾಗ. ತವರಿನ ದೋಷ ಅಂತಾಳ ಆಕಿ ಅತ್ತಿ. ಇದು ಏಳಕ್ಕ ಬಂದೈತಿ. ನಾ ಬರೀ ಕೈಲೆ ಹ್ವಾದ್ರ ಆ ಮನ್ಯಾಗ ಆಕಿನ್ನ ಬದುಕಾಕ ಬಿಡತಾರೇನು?”

ಬಸವಂತರಾಯ ಕೆಟ್ಟವನಲ್ಲ. ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿದ. ಏನೋ ಹೊಳೆದವನಂತೆ ಮುಖ ಅರಳಿಸಿ, “ಆಚಿ ಕಡಿ ಹೋಗಿ ಉಟ್ಟಕೊಂಡು ಬಾರವ್ವ. ಮೈಮ್ಯಾಲಿನ ಬಟ್ಟೀನ ನಾ ಕೇಳಂಗಿಲ್ಲ,” ಅಂದ.

ಯಮನೂರಮ್ಮ ಅವನನ್ನು ನೋಡಿದಳು. “ಗಂಡ ಸತ್ತಾಕಿರಿ ನಾ,” ಅಂದಳು.

ಆ ಸೀಮೆಯಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಅಕ್ಕರೆಯವರ ಕೈಲಿ ತಮ್ಮ ಸೀರೆಯ ಗಳಿಗೆ ಮುರಿಸಿಕೊಳ್ಳುವುದೂ ಉಂಟು. ಆದರೆ ಕುಬಸದ ಸೀರೆಯ ಮಾತೇ ಬೇರೆ. ಅದರ ಗಳಿಗೆಯನ್ನು ಬಸುರಿಯೇ ಮುರಿಯಬೇಕು, ಇಲ್ಲವೇ ಮಕ್ಕಳು ಬದುಕಿ ಬಾಳುತ್ತಿರುವ ಮುತ್ತೈದೆ ಮುರಿದುಕೊಡಬೇಕು. ವಿಧವೆ ಉಟ್ಟು ಬಿಟ್ಟದ್ದನ್ನು ಮಗಳ ಉಡಿಗೆ ಹಾಕುವುದುಂಟೇ? ಬಸವಂತರಾಯನೂ ಆ ಸೀಮೆಯವನೇ. ತಾನು ಆಡಿದ್ದೇನೆಂದು ತಿಳಿದು ಕಿವಿ ಕೆಂಪಾಯಿತು ಅವನಿಗೆ.

ಮತ್ಯಾರಾದರೂ ಹೆಂಗಸು ಆ ದಾರಿಯಲ್ಲಿ ಬಂದಾಳೆಂದು ಮೂವರೂ ಕಾದರು. ಬಂದದ್ದು ಎಮ್ಮೆ ಹೊಡೆದುಕೊಂಡ ಒಬ್ಬ ಮುದುಕ, ಆಮೇಲೆ ಒಂದು ಹತ್ತಿಬಂಡಿ. ಮುದಗಲ್ಲಿನಲ್ಲಿ ಯಮನೂರಮ್ಮನಿಗೆಂದು ನಿಂತಿದ್ದ ಬಂಡಿ ಹೊತ್ತು ಮುಳುಗುವುದರೊಳಗೆ ಸಂತೆಕಲ್ಲೂರಿಗೆ ಹೊರಡುವುದಿತ್ತು. ನೆರಳು ಉದ್ದವಾಗುತ್ತ ಬಂತು. ಅಷ್ಟರಲ್ಲಿ ನಾಕಾದ ಹಿಂದಿನ ಮನೆಯಿಂದ ಬಂದೇಸಾಬನ ಹೆಂಡತಿ ಇಮಾಮ್‌ಬೀ, ಬಿಸಿಲಲ್ಲಿ ಕೂತವಳಿಗೆ ತಂಬಿಗೆಯಲ್ಲಿ ನೀರು ತಂದಳು. ಸಂಗತಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಸೀರೆಯನ್ನೇ ನೋಡಿದಳು.

“ನಾ ಉಟ್ಟಕೊಂಡು ಬಂದ್ರ ನಡೀತೈತೇನವ್ವ?”

ಯಮನೂರಮ್ಮ ತಲೆ ಎತ್ತಿ ಅವಳ ಕೈಬಳೆ ನೋಡಿದಳು. “ಯಾಕ ನಡ್ಯಾಂಗಿಲ್ಲ? ಮೊಹರಮ್ಮಿನ ಅಲಾಯಿ ಹಬ್ಬಕ್ಕ ನಿಮ್ಮಷ್ಟ ನಾವೂ ಕುಣಿಯೋ ಮಂದಿ. ಬ್ಯಾರೆ ಏನೂ ಇಲ್ಲ...” ತಡೆದು ಕೇಳಿದಳು, “ಮಕ್ಕಳೆಷ್ಟವ್ವ ನಿನಗ?”

“ಐದು,” ಅಂದಳು ಇಮಾಮ್‌ಬೀ.

“ಐದೂ ಅದಾವ?”

“ಅದಾವ.”

ಬಂದೇಸಾಬ ತಿರುಗಿ ಹೆಂಡತಿಯನ್ನು ನೋಡಿದ. ಐದು ಹೆತ್ತದ್ದು ನಿಜ. ಒಂದೊಂದನ್ನೂ ಅವನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮಣ್ಣಿಗಿಟ್ಟು ಬಂದಿದ್ದ. ಕಡೆಯದು ಒಂದು ವರ್ಷ ತುಂಬಿ ‘ಅಬ್ಬಾ’ ಎನ್ನುವುದನ್ನು ಕಲಿತಿತ್ತು. ಹೆಂಡತಿ ಅವನ ಕಡೆ ತಿರುಗಲಿಲ್ಲ. ಒಂದು ಮಾತು ಆಡಿದರೆ ಮುಗಿಯುತ್ತಿತ್ತು. ದಾರಿಹೋಕರನ್ನೆಲ್ಲ ಖರೇ ಹೇಳ್ರಿ ಎಂದು ಕೇಳುವ ಬಾಯಿ ಅವನದು. ಆ ಬಾಯಿ ತೆರೆಯಲಿಲ್ಲ. ಹೋಗಿ ತೊಲೆ ಎತ್ತಿ ಹಿಡಿದು ನಿಂತ.

ಇಮಾಮ್‌ಬೀ ಗಂಟು ತೆಗೆದುಕೊಂಡು ಆಚೆ ಕಡೆಯ ಹುಣಸೆಮರದ ಮರೆಗೆ ಹೋದಳು. ತನ್ನ ಸೀರೆಯ ಮೇಲೆಯೇ ಹಸಿರು ಸೀರೆ ಸುತ್ತಿಕೊಂಡು ಹೊರಬಂದಳು. ಒಂದು ಕೈಯಿಂದ ನಿರಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಧಾನವಾಗಿ ನಡೆದಳು. ತುಟಿ ಅಲುಗುತ್ತಿತ್ತು. ನಲವತ್ತೈದು ದಾಟಿದ ಆ ಹೆಂಗಸು ಬಸುರಿಯ ಹಾಗೆ ನಡೆಯುವುದನ್ನು ಕಂಡು ಬಂದೇಸಾಬನಿಗೆ ಕಣ್ಣು ಎತ್ತಲಾಗಲಿಲ್ಲ.

“ಮೈಮ್ಯಾಲಿನ ಬಟ್ಟಿ ಅಂತ ಐತಿ,” ಬಸವಂತರಾಯ ಪುಸ್ತಕದ ಮೇಲೆ ಬೆರಳಿಟ್ಟು ತನಗೆ ತಾನೇ ಎಂಬಂತೆ ಅಂದ. “ಯಾರ ಮೈ ಅಂತ ಬರದಿಲ್ಲ.” ಪುಸ್ತಕ ಮುಚ್ಚಿ ಒಳಗೆ ಹೋದ.

ಯಮನೂರಮ್ಮ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಬಂದೇಸಾಬ ಒಲೆಯ ಮುಂದೆ ಬಂದು ನಿಂತ.

“ಯಾಕ ಹಂಗಂದಿ?”

“ಇಲ್ಲಂದಿದ್ರ ಆಕಿ ಸೀರಿ ಬಿಟ್ಟು ಹೋಗಬೇಕಿತ್ತು.” ಇಮಾಮ್‌ಬೀ ರೊಟ್ಟಿ ಬಡಿಯುತ್ತಲೇ ಇದ್ದಳು.

“ನಮ್ಮ ಹಣೇಬರಾ ಆ ಹುಡುಗಿಗೆ ತಟ್ಟಿದ್ರ?”

ಅವಳ ಕೈ ನಿಂತಿತು. ಪಾಪ, ಅವಳು ಅಷ್ಟು ದೂರ ಯೋಚಿಸಿರಲಿಲ್ಲ. ಒಂದು ಹೆಣ್ಣಿನ ಸಂಕಟ ಕಂಡು ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು, ಇಬ್ಬರೂ ತೆಗೆಯಲಿಲ್ಲ.

ಅಂದಿನಿಂದ ಆ ಮನೆಗೆ ಒಂದು ಅಂಜಿಕೆ ಹೊಕ್ಕಿತು. ಸಂತೆಕಲ್ಲೂರು ಕಡೆಯ ಬಂಡಿ ಬಂದರೆ ಬಂದೇಸಾಬ ಮಾಲು ಕೇಳುವ ಮೊದಲು ಹುಲಿಗೆಮ್ಮನನ್ನು ಕೇಳುತ್ತಿದ್ದ. ಕುಬಸ ಚೆನ್ನಾಗಿ ಆಯಿತೆಂದು ಒಬ್ಬ ಹೇಳಿದ. ಹೆರಿಗೆಗೆ ತವರಿಗೆ ಕರೆತಂದರಂತೆ ಎಂದು ಇನ್ನೊಬ್ಬ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ದುರುಗಪ್ಪನೆಂಬ ಹತ್ತಿಬಂಡಿಯವನು, “ಎರಡು ದಿನದಿಂದ ಭಾಳ ತ್ರಾಸ ಪಡಾಕತ್ಯಾಳಂತ, ಸೂಲಗಿತ್ತಿ ಕೈಬಿಟ್ಟಾಳಂತ” ಅಂದುಬಿಟ್ಟು ಎತ್ತಿನ ಬಾಲ ಮುರಿದು ಹೋದ. ಮುಂದೇನಾಯಿತೆಂದು ತಾವಾಗಿ ಯಾರೂ ಹೇಳಲಿಲ್ಲ, ಬಂಡಿಯವರನ್ನು ಕೇಳಲು ಬಂದೇಸಾಬ ಅಂಜಿದ. ಮುದಗಲ್ ಏನು ದೂರವಲ್ಲ, ಹೋಗಿ ಕೇಳಬಹುದಿತ್ತು. ಹೋಗಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಇಮಾಮ್‌ಬೀ ಒಪ್ಪತ್ತು ಉಣ್ಣತೊಡಗಿದಳು. ಬೇಡವೆಂದು ಅವನೂ ಹೇಳಲಿಲ್ಲ.

ಕಾರಹುಣ್ಣಿಮೆಗೆ ನಾಲ್ಕು ದಿನವಿರುವಾಗ ಮುದಗಲ್ ಕಡೆಯಿಂದ ಒಂದು ಬಂಡಿ ಬಂದು ತೊಲೆಯ ಮುಂದೆ ನಿಂತಿತು. ಇಳಿದವಳು ಯಮನೂರಮ್ಮ. ಎದೆಗೆ ಅವಚಿದ ಗಂಟು ಇತ್ತು. ಬಂದೇಸಾಬನಿಗೆ ಬೇರೆ ಮಾತು ತೋಚದೆ, ರೂಢಿಯ ಬಲದಿಂದ, “ಏನೈತಿ ಗಂಟಿನ್ಯಾಗ?” ಎಂದ.

ಅವಳು ಅರಿವೆ ಸರಿಸಿದಳು. ಒಂದು ಹೆಣ್ಣುಕೂಸು ಬಿಸಿಲಿಗೆ ಮುಖ ಕಿವುಚಿತು. ಬಂಡಿಯೊಳಗಿಂದ ಹುಲಿಗೆಮ್ಮ, ಬಾಣಂತಿಯ ಬಿಳುಪು ಇನ್ನೂ ಹೋಗಿರದವಳು, ಇಣುಕಿ ನಗುತ್ತಿದ್ದಳು.

ಬಂದೇಸಾಬ ತೊಲೆಯ ಬುಡದ ಕಲ್ಲಿನ ಮೇಲೆ ಕುಸಿದು ಕೂತ. ಅಳು ಬಂತು. ಇಷ್ಟು ವಯಸ್ಸಿನವನು, ಸರಕಾರಿ ಕೋಟು ಹಾಕಿಕೊಂಡವನು, ಎಂಬುದೆಲ್ಲ ನೆನಪಾಗಲಿಲ್ಲ.

“ಯವ್ವಾ, ಅವತ್ತು ಸುಳ್ಳ ಹೇಳಿದ್ವಿ,” ಅಂದ. “ನಮಗ ಒಂದೂ ಕೂಸಿಲ್ಲ. ಐದೂ ಮಣ್ಣಾಗ ಅದಾವ.”

“ಗೊತ್ತೈತಿ ಬಿಡಣ್ಣ,” ಅಂದಳು ಯಮನೂರಮ್ಮ. “ಐದು ಮಕ್ಕಳ ತಾಯಿ ನೀರು ತಂದ್ರ ಸೆರಗು ಹಿಡಕೊಂಡು ಒಂದರ ಬರಬೇಕಲ್ಲ. ಅಂಗಳದಾಗ ಕೂಸಿನ ಕುಲಾಯಿ ಒಂದೂ ಒಣಗಿದ್ದಿಲ್ಲ. ನಾನೂ ಹಡದಾಕಿ, ಅಷ್ಟು ತಿಳಿಯಂಗಿಲ್ಲೇನು?”

“ತಿಳಿದೂ ಸೀರಿ ಒಯ್ದಿ?”

“ಉಡೂತನಕ ತಿಳಿದಿದ್ದಿಲ್ಲ, ಬರೋವಾಗ ತಿಳೀತು.” ಅವಳು ಕೂಸಿನ ಮುಖಕ್ಕೆ ಸೆರಗಿನ ನೆರಳು ಮಾಡಿದಳು. “ನಿರಿಗಿ ಹಿಡಕೊಂಡು ಆಕಿ ಬಾಯಾಗ ಏನೋ ಬೇಡಕೋತ ಬಂದ್ಲು. ನಿಮ್ಮ ಉರ್ದು ಮಾತು, ನನಗ ತಿಳೀಲಿಲ್ಲ. ಆದ್ರ ನನ್ನ ಮಗಳ ಸಲುವಾಗಿ ಅಷ್ಟು ಬೇಡಿಕೊಂಡವರು ಆಕಿ ಗಂಡನ ಮನ್ಯಾಗ ಒಬ್ಬರೂ ಇಲ್ಲ. ಅದಕ್ಕ ಒಯ್ದೆ. ಅಂಜಿಕಿ ಇರಲಿಲ್ಲಂತ ಹೇಳಂಗಿಲ್ಲ. ಹಡಿಯೋ ದಿನ ನನ್ನ ಜೀವ ನನ್ನ ಕೈಯಾಗ ಇದ್ದಿದ್ದಿಲ್ಲ. ಎಲ್ಲೆದಾಳ ಆಕಿ? ಕರಿ. ಸುಮ್ಮನ ಬಂದಿಲ್ಲ, ವ್ಯಾಪಾರಕ್ಕ ಬಂದೀನಿ.”

ಇಮಾಮ್‌ಬೀ ಆಗಲೇ ಗೋಡೆಯ ಮೂಲೆಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. “ದೂರಿಂದ ನೋಡತೀನವ್ವ,” ಅಂದಳು. “ಮುಟ್ಟಂಗಿಲ್ಲ.”

“ಮುಟ್ಟದ ಮಾಲು ಕೊಳ್ಳಾಕ ಬರತೈತೇನು? ಎರಡು ಹೋದ ಮ್ಯಾಲ ಹುಟ್ಟಿದ್ದು ಇದು. ನಮ್ಮದು ಅಂತ ಇಟಗೊಂಡ್ರ ಉಳಿಯಂಗಿಲ್ಲ. ಬ್ಯಾರೆಯವರ ಉಡ್ಯಾಗ ಹಾಕಿ ಮಾರಿ, ಅವರ ಕೂಸನ್ನ ನಾವು ಸಾಕಾಕ ತಗೊಂಡು ಹೋಗಬೇಕು. ಯಾರಿಗೆ ಮಾರೂಣು ಅಂದ್ರ ನನ್ನ ಮಗಳೇ ನಿನ್ನ ಹೆಸರು ತೆಗದ್ಲು. ಒಂದು ಬೊಗಸಿ ಜೋಳ ತಗೊಂಡು ಬಾ, ಹೋಗು.”

ಇಮಾಮ್‌ಬೀ ಅಲ್ಲಾಡಲಿಲ್ಲ. ಬಂದೇಸಾಬನೇ ಎದ್ದು ಒಳಗೆ ಹೋದ. ಬರುವಾಗ ತುಂಬಿದ ಬೊಗಸೆಯಿಂದ ದಾರಿಯುದ್ದ ಜೋಳ ಚೆಲ್ಲಿತು. ಬಸವಂತರಾಯ ಲೆಕ್ಕಣಿಕೆ ಕೆಳಗಿಟ್ಟು ಹೊರಗೆ ಬಂದು ನಿಂತಿದ್ದ. ಹುಲಿಗೆಮ್ಮ ಬಂಡಿಯಿಂದ ಇಳಿದು ಬಂದು, ತಾಯಿಯ ಕೈಯಿಂದ ಕೂಸನ್ನು ತೆಗೆದುಕೊಂಡು, ಇಮಾಮ್‌ಬೀಯ ಸೆರಗನ್ನು ತಾನೇ ಹರಡಿ ಅದರೊಳಗೆ ಇಟ್ಟಳು. ಬೀಳುತ್ತದೆಂಬ ಗಾಬರಿಗೆ ಇಮಾಮ್‌ಬೀಯ ಕೈಗಳು ಮುಂದೆ ಬಂದು ಕೂಸನ್ನು ಎದೆಗೆ ಅವಚಿಕೊಂಡವು.

ಯಮನೂರಮ್ಮ ಜೋಳವನ್ನು ಉಡಿಯಲ್ಲಿ ಹಾಕಿಕೊಂಡಳು. ಶಾಸ್ತ್ರದ ಪ್ರಕಾರ ಕೊಂಡವಳು ಈಗ “ನನ್ನ ಕೂಸನ್ನ ಸಾಕಿ ಕೊಡ್ರಿ” ಎಂದು ತಿರುಗಿ ಒಪ್ಪಿಸಬೇಕು. ಇಮಾಮ್‌ಬೀಗೆ ಆ ಮಾತು ಹೇಳಿಕೊಟ್ಟರು. ಅವಳು “ನನ್ನ ಕೂಸನ್ನ” ಎಂಬಲ್ಲಿಗೆ ಬಂದು ನಿಂತಳು. ಮತ್ತೆ ಹೇಳಿಕೊಟ್ಟರು. ಮತ್ತೆ ಅಷ್ಟಕ್ಕೇ ನಿಂತಳು. ಕೂಸು ಅವಳ ಕುತ್ತಿಗೆಗೆ ಮೂಗು ಉಜ್ಜಿ ನಿದ್ದೆಹೋಯಿತು.

“ಎತ್ತು ಬಿಚ್ಚಪಾ,” ಯಮನೂರಮ್ಮ ಬಂಡಿಯವನಿಗೆ ಹೇಳಿ ನೆರಳಿಗೆ ಹೋಗಿ ಕೂತಳು. “ನಮಗೇನೂ ಅವಸರ ಇಲ್ಲ.”